ಬಾವಿಗೆ ಹೊರಿಸಿದ ಅಪವಾದ

ಹಲ್ಲಿನ ಡಾಕ್ಟರ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ. ಆರು ವರ್ಷದ ಮೊಮ್ಮಗಳು ಬಾಯಿ ತೆರೆದು ಮಲಗಿದ್ದಳು. ಬೂದುಬಣ್ಣದ ಮಬ್ಬು ಹಲ್ಲುಗಳು, ಸವೆದು ಸವೆದು ಒಸಡಿಗೆ ಹತ್ತಿವೆ. “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ?” ಎಂದರು ಡಾಕ್ಟರು. ಕೇಳಬಾರದವಳನ್ನು ಕೇಳಿದರು ನೋಡಿ. ನಾನು ಬಾಯಿ ತೆರೆದರೆ ಅರವತ್ತನೇ ಇಸವಿ ಸುಮಾರಿನ ಸಿಂದಗಿಯಿಂದಲೇ ಶುರು.

ನನ್ನನ್ನು ನೋಡಲು ಬಂದ ವರ ತುಟಿ ಎರಡು ಮಾಡಲಿಲ್ಲ. ಅವಲಕ್ಕಿ ಮುಟ್ಟಲಿಲ್ಲ, ಚಹಾ ಮಾತ್ರ ಕುಡಿದರು. “ಹುಡುಗ ಭಾಳ ಗಂಭೀರ ಅದಾನ,” ಎಂದು ಅಪ್ಪ ಮೆಚ್ಚಿಕೊಂಡ. ಬಾಗೇವಾಡಿಯ ನಮ್ಮ ಮನೆಯಲ್ಲಿ ಗಂಭೀರರು ಯಾರೂ ಇರಲಿಲ್ಲವಾದ್ದರಿಂದ ನನಗೂ ಹಿಡಿಸಿತು. ಮದುವೆಯಾಗಿ ಸಿಂದಗಿ ಹತ್ತಿರದ ಅವರ ಹಳ್ಳಿಗೆ ಸಂಸಾರಕ್ಕೆಂದು ನಡೆಯಲು ಹೋದ ಎಂಟನೆಯ ದಿನ ಏನೋ ನೆನೆದು ನಕ್ಕುಬಿಟ್ಟರು. ಆಗ ಕಂಡೆ, ಇವೇ ಸವೆದ ಬೂದು ಹಲ್ಲುಗಳನ್ನು.

“ನಮ್ಮ ಬಾವಿ ನೀರ ಹಂಗ ಐತಿ ನೋಡವಾ,” ಎಂದರು ಅತ್ತೆ. “ನಿಮ್ಮ ಮಾವನವರದೂ ಹಿಂಗ ಇದ್ದವು.”

ಸವಳು ನೀರು, ನಿಜ, ಬೇಳೆ ಬೇಯುತ್ತಿರಲಿಲ್ಲ. ಆದರೆ ನನ್ನ ಕುತೂಹಲ ಸುಮ್ಮನಿರಬೇಕಲ್ಲ! ಬಾವಿಕಟ್ಟೆಯಲ್ಲಿ ಓಣಿಯ ಹೆಂಗಸರನ್ನೆಲ್ಲ ನಗಿಸಿ ನಗಿಸಿ ಹಲ್ಲು ನೋಡಿದೆ. ಅಲ್ಲೊಂದು ಇಲ್ಲೊಂದು ಕಂದು ಕಲೆ, ಅಷ್ಟೇ. ಮೂವತ್ತು ವರ್ಷ ಅದೇ ನೀರು ಕುಡಿದ ಅತ್ತೆಯಂತೂ ಕಟಕ ರೊಟ್ಟಿ ಕಟಕಟ ಕಡಿಯುತ್ತಿದ್ದರು. ಕೇಳಿದರೆ, “ನಾ ಈ ಊರಿಗೆ ಬರೂದ್ರಾಗ ನನ್ನ ಹಲ್ಲ ಗಟ್ಟಿ ಆಗಿದ್ವಲ್ಲ,” ಎಂದರು. ಸಿಕ್ಕಿತಲ್ಲ ಉತ್ತರ ಎಂದುಕೊಂಡೆ, ಮಹಾ ಜಾಣೆ! ಹಲ್ಲು ಬರುವವರೆಗೆ ಕೂಸಿಗೆ ಆ ನೀರು ಮುಟ್ಟಿಸದಿದ್ದರೆ ಮುಗಿಯಿತು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಐದು ತಿಂಗಳಿಗೆ ತೊಟ್ಟಿಲು ಸಮೇತ ಹಿಂದಿರುಗಬೇಕು. ನಾನು ಹೋಗಲಿಲ್ಲ. ಗಂಡ ಬಿಟ್ಟಿದ್ದಾನೆಂದು ಓಣಿಯವರು ಕಿವಿ ಕಚ್ಚತೊಡಗಿದರು. “ನೀರಿನ ಸಲುವಾಗಿ ಯಾರರೆ ಗಂಡನ್ನ ಬಿಟ್ಟು ಕುಂದರತಾರೇನ?” ಎಂದು ಅವ್ವ ಬೈದಳು. ನನ್ನವರು ಮಾತ್ರ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು, “ಇಲ್ಲೇ ಇರು. ಇಕಿ ನನ್ನಂಗ ಬಾಯಿ ಮುಚ್ಚಿಕೊಂಡು ಬದುಕೂದು ಬ್ಯಾಡ,” ಎನ್ನುತ್ತಿದ್ದರು.

ಎಂಟು ತಿಂಗಳಿಗೆ ಮಗಳ ಮೊದಲ ಹಲ್ಲು ಮೂಡಿತು. ಬಾಗೇವಾಡಿಯ ಸಿಹಿನೀರು ಬಿಟ್ಟು ಬೇರೆ ಹನಿ ಕಾಣದ ಕೂಸು. ಹಲ್ಲು ಬೂದು! ಸೆರಗಿನಿಂದ ಒರೆಸಿದೆ, ಉಜ್ಜಿದೆ, ಹೋಗಲಿಲ್ಲ. ಆ ವಾರ ಬಂದ ಗಂಡ ಅದನ್ನು ನೋಡಿ ಕಟ್ಟೆಯ ಮೇಲೆ ಕುಸಿದು ಕೂತರು. “ಬಾವಿದೇನೂ ತಪ್ಪಿಲ್ಲ. ಇದು ನನ್ನಿಂದನ ಬಂದೈತಿ,” ಎಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹತ್ತಿರ ಹತ್ತಿರ ಒಂದು ವರ್ಷ ಈ ಮನುಷ್ಯನನ್ನು ಸುಮ್ಮನೆ ಬಿಟ್ಟು ಕೂತಿದ್ದೆನಲ್ಲ!

“ಏಳ್ರಿ,” ಎಂದೆ. “ಗಂಟು ಕಟ್ಟತೇನಿ. ನಾಳೆ ಮುಂಜಾನಿ ಬಸ್ಸಿಗೆ ನಮ್ಮ ಮನಿಗೆ ಹೋಗೂಣು.”

ಆ ಕೂಸೇ ಈ ಮೊಮ್ಮಗಳ ತಾಯಿ. ಡಾಕ್ಟರು ಎಲ್ಲ ಕೇಳಿ ಬಿಡಿಸಿ ಹೇಳಿದರು: ಹಲ್ಲಿನ ಮೇಲಿನ ಹೊಳಪಿನ ಪದರ ಸರಿಯೇ ಇರುತ್ತದೆ, ಒಳಗಿನ ದಂತಧಾತು ದುರ್ಬಲ. ಗೋಡೆ ಸಡಿಲಾದರೆ ಗಿಲಾವು ಉದುರುವುದಿಲ್ಲವೇ, ಹಾಗೆ. ವಂಶದಿಂದ ಬರುತ್ತದೆ, ಎಲ್ಲ ಮಕ್ಕಳಿಗೂ ಬರಬೇಕೆಂದಿಲ್ಲ. ನನ್ನ ಮಗನಿಗೆ ಬರಲಿಲ್ಲ. “ಎಲ್ಲದಕ್ಕೂ ಕ್ಯಾಪ್ ಹಾಕೋಣ, ಗೊತ್ತೇ ಆಗುವುದಿಲ್ಲ,” ಎಂದರು.

ಒಳ್ಳೆಯದೇ. ಮಗು ಗಟ್ಟಿಯಾಗಿ ಕಡಿದು ತಿನ್ನಲಿ. ಆದರೆ ನನ್ನವರು ತೀರಿಹೋಗಿ ಬಹಳ ವರ್ಷವಾಯಿತು, ಅವರು ನಕ್ಕ ಫೋಟೋ ಒಂದೂ ಇಲ್ಲ.

“ಒಂದ ನಿಮಿಷ ತಡೀರಿ ಡಾಕ್ಟರೇ,” ಎಂದು ಮೊಮ್ಮಗಳ ಗಲ್ಲ ಹಿಡಿದೆ. “ಒಮ್ಮೆ ಜೋರಾಗಿ ನಗು ಯವ್ವಾ.”

ನಕ್ಕಳು. ಕಣ್ತುಂಬ ನೋಡಿಕೊಂಡು, “ಈಗ ಹಾಕ್ರಿ,” ಎಂದೆ.