ವಾಸಂತಿಯ ಇಸ್ಪೀಟ್ ಕ್ಲಾಸು

ಹುಬ್ಬಳ್ಳಿಯ ವಾಸಂತಿಯ ತವರಿನಲ್ಲಿ ಇಸ್ಪೀಟ್ ಆಡದವರೆಂದರೆ ತೊಟ್ಟಿಲ ಕೂಸು ಮಾತ್ರ. ರಜೆಗೆ ನೆಂಟರು ಕೂಡಿದರೆಂದರೆ ಊಟದ ಎಲೆ ಎತ್ತುವುದರೊಳಗೆ ಆಟದ ಎಲೆ ಹಂಚಿಯಾಗಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವಳು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಬ್ಯಾಂಕ್ ಅಧಿಕಾರಿ ಧನಂಜಯನ ಕೈಹಿಡಿದು, ಅವನ ವರ್ಗಾವಣೆಗಳ ಬೆನ್ನುಹತ್ತಿ ವಿಜಯವಾಡಕ್ಕೆ ಬಂದಳು.

ವಿಜಯವಾಡದ ಮೇ ತಿಂಗಳಲ್ಲಿ ಮಧ್ಯಾಹ್ನ ಹೊಸ್ತಿಲು ದಾಟುವ ಹಾಗಿಲ್ಲ. ಅಂಥದೊಂದು ಮಧ್ಯಾಹ್ನ ಮಗಳು ಅಮೂಲ್ಯ ಪುಸ್ತಕ ಮುಂದಿಟ್ಟುಕೊಂಡು ಅಳುತ್ತಿದ್ದಳು. ಅವಳ ಕನ್ನಡ ಅರ್ಧ ತೆಲುಗು.

“ಅಮ್ಮಾ, ನಂಬರ್ ಇರೋ ಕಡೆ ಈ ಎಕ್ಸ್ ಎಂದುಕು, ಯಾಕ ಬರ್ತದ?”

ವಾಸಂತಿ ಕಪಾಟಿನಿಂದ ಇಸ್ಪೀಟ್ ಕಟ್ಟು ತೆಗೆದು, ಚಾಪೆಯ ಮೇಲೆ ಒಂದು ಎಲೆಯನ್ನು ಬೋರಲು ಹಾಕಿದಳು. “ಇದು ಏನು ಹೇಳು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೂದಕ್ಕ ಎಕ್ಸ್ ಅಂತಾರ. ಅಷ್ಟ ಅದು. ಅದಕ್ಯಾಕ ಅಳ್ತಿ?”

ಬೋರಲು ಎಲೆಯ ಪಕ್ಕ ಕಪ್ಪು ಮೂರು ಇಟ್ಟಳು. ಅಡುಗೆಮನೆಯಿಂದ ಲಟ್ಟಣಿಗೆ ತಂದು ಅವೆರಡರ ಬದಿಗೆ ಮಲಗಿಸಿ, ಆಚೆಗೆ ಕಪ್ಪು ಎಂಟು ಇಟ್ಟಳು. ಲಟ್ಟಣಿಗೆಯ ಎರಡೂ ಬದಿ ಸಮ ಇರಬೇಕು. ಈಚೆ ಏನು ಮಾಡಿದರೂ ಆಚೆಯೂ ಅದನ್ನೇ ಮಾಡಬೇಕು ಎಂದಳು. ಕಪ್ಪು ಎಂದರೆ ಕೂಡುವುದು, ಕೆಂಪು ಎಂದರೆ ಕಳೆಯುವುದು. ಕಪ್ಪು ಮೂರಕ್ಕೆ ಕೆಂಪು ಮೂರು ಎದುರಾದರೆ ಎರಡೂ ಔಟು. ಅಮೂಲ್ಯ ಮೂಗು ಒರೆಸಿಕೊಂಡು ಎರಡೂ ಬದಿಗೆ ಒಂದೊಂದು ಕೆಂಪು ಮೂರು ಇಟ್ಟಳು. ಈಚೆ ಬೋರಲು ಎಲೆ ಒಂಟಿಯಾಯಿತು.

“ಐದು!” ಎಂದು ಅದನ್ನು ಮಗುಚಿದಳು. ಕಳಾವರ ಐದು. ಆಮೇಲೆ ಅವಳನ್ನು ಚಾಪೆಯಿಂದ ಎಬ್ಬಿಸುವುದೇ ಕಷ್ಟವಾಯಿತು.

ಮುಂದಿನ ವರ್ಗಾವಣೆ ವಿಶಾಖಪಟ್ಟಣಕ್ಕೆ. ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟಿನಲ್ಲಿ ಅಮೂಲ್ಯಳಿಗೆ ಕೆಳಗಿನ ಮನೆಯ ಶ್ರಾವಣಿ ಗೆಳತಿಯಾದಳು. ಕೋಚಿಂಗ್ ಸೆಂಟರಿನಲ್ಲಿ ಸೂತ್ರ ಉರುಹೊಡೆದೂ ಹೊಡೆದೂ ಆ ಹುಡುಗಿಗೆ ಬೀಜಗಣಿತವೆಂದರೆ ಅಂಗೈ ಬೆವರುತ್ತಿತ್ತು. ಒಂದು ದಿನ ಆಟ ನೋಡಲು ಬಂದವಳು ಮರುದಿನ ತಾನೇ ಎಲೆ ಕಲೆಸಲು ಕುಳಿತಳು. ಅವಳ ಹಿಂದೆ ಇನ್ನಷ್ಟು ಮಕ್ಕಳು ಬಂದರು. ಹಾಲ್ ಸಾಲದೆ ಕ್ಲಾಸು ಭಾನುವಾರದ ಬೆಳಿಗ್ಗೆ ಟೆರೇಸಿಗೆ, ನೀರಿನ ಟ್ಯಾಂಕಿನ ನೆರಳಿಗೆ ಏರಿತು. ಸಮುದ್ರದ ಗಾಳಿಗೆ ಎಲೆ ಹಾರದಂತೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸುತ್ತಿದ್ದರು.

ಶ್ರಾವಣಿಯ ಅಪ್ಪ ರಾಮಮೋಹನ್ ಪರವಾಡದ ಔಷಧ ಕಾರ್ಖಾನೆಯಲ್ಲಿದ್ದ; ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಯೂ ಹೌದು. ಒಂದು ಭಾನುವಾರ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿಳಿದವನು ಟ್ಯಾಂಕಿನಲ್ಲಿ ನೀರಿದೆಯೋ ನೋಡಲು ಹತ್ತಿ ಬಂದ. ನೋಡಿದರೆ ಮಗಳು ಕೈತುಂಬ ಎಲೆ ಹಿಡಿದು, “ಕೆಂಪು ಎರಡು ಹಾಕೇ!” ಎಂದು ಕೂಗುತ್ತಿದ್ದಾಳೆ. ಅವನು ಟ್ಯಾಂಕನ್ನೂ ನೋಡದೆ ಇಳಿದು ಹೋದ. ಸ್ವಲ್ಪ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: ಟೆರೇಸಿನಲ್ಲಿ ಪೇಕಾಟ ನಿಷೇಧ, ಪೊಲೀಸರು ಬಂದರೆ ಅಸೋಸಿಯೇಷನ್ ಹೊಣೆಯಲ್ಲ.

ಪೇಕಾಟ ಎಂದರೆ ಇಸ್ಪೀಟು. ಆ ಊರಿನಲ್ಲಿ ಆ ಮಾತು ಕೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಜೂಜು.

ಧನಂಜಯ ಮೊಬೈಲು ಹಿಡಿದುಕೊಂಡೇ ಅಡುಗೆಮನೆಗೆ ಬಂದ. “ಏನ್ ವಾಸಂತಿ ಇದು? ಬ್ಯಾಂಕಿನ್ಯಾಗ ಗೊತ್ತಾದ್ರ ಮ್ಯಾನೇಜರ್ ಹೆಂಡತಿ ಕ್ಲಬ್ ನಡಸ್ತಾಳ ಅಂತಾರ.”

“ಅನ್ನಲಿ ಬಿಡ್ರಿ. ಆ ಮನಶ್ಯಾ ಒಂದ ಮಾತು ಕೇಳಬೇಕಿತ್ತೋ ಇಲ್ಲೋ?” ಅವಳ ಕಣ್ಣು ತುಂಬಿತ್ತು. ಮರುಗಳಿಗೆ ಇಸ್ಪೀಟ್ ಕಟ್ಟು, ಲಟ್ಟಣಿಗೆ ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು. ಅಮೂಲ್ಯ ಹಿಂದೆಯೇ ಓಡಿದಳು.

ಬಾಗಿಲು ತೆರೆದವರು ರಾಮಮೋಹನನ ತಾಯಿ ಲಕ್ಷ್ಮೀಕಾಂತಮ್ಮ. ಲಟ್ಟಣಿಗೆ ಹಿಡಿದು ನಿಂತ ಹೆಂಗಸನ್ನು ಕಂಡು ಮುದುಕಿ ಎರಡು ಹೆಜ್ಜೆ ಹಿಂದೆ ಸರಿದು, “ಒರೇ ರಾಮಮೋಹನಾ!” ಎಂದು ಕೂಗಿದರು.

“ಹೊಡ್ಯಾಕ ಬಂದಿಲ್ರೀ ಅಮ್ಮಾ,” ಎಂದು ವಾಸಂತಿ ಗಾಬರಿಯಲ್ಲಿ ಕನ್ನಡದಲ್ಲೇ ಅಂದಳು. ಆಮೇಲೆ ತನ್ನ ಹರಕುಮುರುಕು ತೆಲುಗಿನಲ್ಲಿ ರಾಮಮೋಹನನಿಗೆ ಹೇಳಿದಳು: “ಅಣ್ಣಗಾರೂ, ಒಂದೇ ಒಂದು ಆಟ ನೋಡಿ. ಆಮೇಲೂ ಜೂಜು ಅನ್ನಿಸಿದರೆ ಕಟ್ಟು ನಿಮ್ಮ ಕೈಗೇ ಕೊಡ್ತೀನಿ.”

ಮನೆಗೆ ಬಂದ ಹೆಂಗಸಿಗೆ ಇಲ್ಲವೆನ್ನಲಾಗದೆ ಅವನು ಕುಳಿತ. ಶ್ರಾವಣಿ ಆಟದ ನಿಯಮ ಹೇಳಿದಳು. ಅವನು ತಾನೇ ಒಂದು ಲೆಕ್ಕ ಹೂಡಿದ: ಈಚೆ ಎರಡು ಬೋರಲು ಎಲೆ, ಒಂದು ಕೆಂಪು ಮೂರು, ಆಚೆ ಕಪ್ಪು ಎಂಟು. ಶ್ರಾವಣಿ ಎರಡೂ ಬದಿಗೆ ಕಪ್ಪು ಮೂರು ಇಟ್ಟಳು. ಈಚೆಯ ಮೂರುಗಳು ಔಟಾದವು. ಉಳಿದದ್ದು ಎರಡು ಬೋರಲು ಎಲೆ, ಎದುರಿಗೆ ಹನ್ನೊಂದು.

“ಹನ್ನೊಂದನ್ನ ಎರಡು ಪಾಲು ಮಾಡು ನೋಡೋಣ,” ರಾಮಮೋಹನ್ ಮೀಸೆಯಡಿ ನಕ್ಕ. “ಅಂಥ ಎಲೆ ಕಟ್ಟಿನಲ್ಲೇ ಇಲ್ಲವಲ್ಲ!”

ಇಷ್ಟು ದಿನ ವಾಸಂತಿ ಪೂರ್ಣಸಂಖ್ಯೆ ಬರುವ ಲೆಕ್ಕವನ್ನಷ್ಟೇ ಹೂಡುತ್ತಿದ್ದಳು. ನೆರವಿಗೆ ಬಾಯಿ ಹಾಕಹೊರಟವಳು ಶ್ರಾವಣಿಯ ಮುಖ ನೋಡಿ ತಡೆದಳು. ಹುಡುಗಿ ತುಟಿ ಕಚ್ಚಿ ಯೋಚಿಸುತ್ತಿದ್ದಳು. ಕಟ್ಟಿನಿಂದ ಎರಡು ಕಪ್ಪು ಐದು ಆರಿಸಿ, ಬೋರಲು ಎಲೆಗಳ ಕೆಳಗೆ ಒಂದೊಂದು ಇಟ್ಟಳು. ಇನ್ನೂ ಒಂದು ಉಳಿಯಿತು. ಇಸ್ಪೀಟ್ ಎಕ್ಕ ತೆಗೆದು, ಯಾರಾದರೂ ತಡೆಯುವ ಮೊದಲೇ ಪರಕ್ಕನೆ ಹರಿದು, ಅರ್ಧರ್ಧ ಎರಡೂ ಐದುಗಳ ಪಕ್ಕ ಇಟ್ಟಳು.

“ಐದೂವರೆ!”

ಅಮೂಲ್ಯ ಚಪ್ಪಾಳೆ ಹೊಡೆದಳು. ಲಕ್ಷ್ಮೀಕಾಂತಮ್ಮ, “ಅಯ್ಯೋ, ಎಕ್ಕ ಹರಿಯೋದಾ! ಹರಿಯೋದಾದರೆ ಬೆಲೆಯಿಲ್ಲದ ಎರಡರ ಎಲೆ ಹರೀಬೇಕಿತ್ತು!” ಎಂದು ತಲೆ ಚಚ್ಚಿಕೊಂಡರು. ಮುದುಕಿಗೆ ಆಟ ಚೆನ್ನಾಗಿಯೇ ಗೊತ್ತೆಂಬುದು ಎಲ್ಲರಿಗೂ ತಿಳಿದುಹೋಯಿತು.

ಶ್ರಾವಣಿ ಬೋರಲು ಎಲೆಗಳನ್ನು ಮಗುಚಿದಳು. ಒಂದು ರಾಣಿ, ಒಂದು ಎರಡು. ಅವಳು ಅಪ್ಪನತ್ತ ತಿರುಗಿದಳು.

“ನಾನ್ನಾ, ಎರಡೂ ಎಕ್ಸ್ ಅಂದಮೇಲೆ ಎರಡೂ ಒಂದೇ ಇರಬೇಕು. ನೀವು ಸಿಕ್ಕಿದ್ದನ್ನ ಹಾಕಿದ್ದೀರಿ!”

“ಹೌದಾ? ಒಂದೇ ಇರಬೇಕಾ?” ರಾಮಮೋಹನ್ ನಿಜಕ್ಕೂ ಆಶ್ಚರ್ಯಪಟ್ಟ. ಪರೀಕ್ಷೆಗಳಲ್ಲೆಲ್ಲ ಪಾಸಾಗಿದ್ದರೂ ಅದನ್ನು ಹೀಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ಅವನು ಹೊಟ್ಟೆ ಹಿಡಿದು ನಕ್ಕ ಸದ್ದಿಗೆ ಧನಂಜಯನೂ ಕೆಳಗಿಳಿದು ಬಂದ. ವಾಟ್ಸಾಪಿನ ಸಂದೇಶ ಆ ಸಂಜೆಯೇ ಮಾಯವಾಯಿತು.

ಶ್ರಾವಣಿಗೆ ಆ ಸಲದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಅಂಕವೇನೂ ಬರಲಿಲ್ಲ. ಆದರೆ ಒಂದು ಲೆಕ್ಕವನ್ನೂ ಖಾಲಿ ಬಿಟ್ಟು ಬಂದಿರಲಿಲ್ಲ. ವಾಸಂತಿಗೆ ಅಷ್ಟೇ ಹಬ್ಬವಾಯಿತು. ಮುಂದಿನ ಭಾನುವಾರಗಳಲ್ಲಿ ಅವಳ ತಲೆನೋವು ಬೇರೆಯೇ: ಲಕ್ಷ್ಮೀಕಾಂತಮ್ಮ ಮಂಗಳಗಿರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳಿಗಿಂತ ಮೊದಲೇ ಟೆರೇಸಿನಲ್ಲಿ ಹಾಜರಾಗುತ್ತಿದ್ದರು. ಎಕ್ಸ್‌ನ ಗೊಡವೆ ಅವರಿಗೆ ಬೇಕಿರಲಿಲ್ಲ.

“ಒಂದು ರಮ್ಮಿ ಹಾಕಮ್ಮಾ,” ಎಂದು ಗೋಗರೆಯುತ್ತಿದ್ದರು, “ಮಕ್ಕಳು ಬರೋದರೊಳಗೆ!”