ಕೋಡಿ ಮೇಷ್ಟ್ರ ಮನೆ

ಊರಿನವರ ಮುಂದೆ ಹೇಳಿದರೆ ಕಲ್ಲು ಹೊಡೆದಾರು, ನಿಮ್ಮ ಹತ್ತಿರ ಹೇಳುತ್ತೇನೆ: ನಮ್ಮೂರ ಕೆರೆ ಈ ವರ್ಷ ತುಂಬದಿರಲಪ್ಪ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ. ಕೋಡಿ ಬೀಳುವುದಕ್ಕೆ ಇನ್ನು ಒಂದೇ ಮೊಳ ಬಾಕಿಯಂತೆ. "ಇನ್ನೊಂದು ಮಳೆ ಉಯ್ದ್ರೆ ಆಯ್ತು ಸಾ" ಎಂದು ಎದುರಿಗೆ ಸಿಕ್ಕವರೆಲ್ಲ ಹಲ್ಲು ಬಿಡುತ್ತಾರೆ. ನಾನೂ ಬಿಡುತ್ತೇನೆ. ಮನೆಗೆ ಬಂದು ಮೋಡ ನೋಡುತ್ತಾ ಕೂರುತ್ತೇನೆ.

ಕಾರಣ ಇಷ್ಟೆ. ನನ್ನ ಮನೆ ಇರುವುದು ಕೋಡಿ ಕಾಲುವೆಯ ಮೇಲೆ. ಕೆರೆ ತುಂಬಿ ಹೆಚ್ಚಾದ ನೀರು ಗದ್ದೆ ಬಯಲಿಗೆ ಇಳಿಯುತ್ತಿದ್ದ ದಾರಿ ಅದು. ವರ್ಷಗಟ್ಟಲೆ ಕೆರೆ ತುಂಬಲೇ ಇಲ್ಲ. ಕಾಲುವೆಗೆ ಮೊದಲು ಕಸ ಬಿತ್ತು, ಆಮೇಲೆ ಮಣ್ಣು ಬಿತ್ತು, ಕೊನೆಗೆ ಸೈಟು ಬಿತ್ತು. ಹೊರಗಿನವರು ಕೊಂಡಿದ್ದರೆ, ಪಾಪ, ಗೊತ್ತಿರಲಿಲ್ಲ ಎನ್ನಬಹುದು. ನಾನು ಅದೇ ಕಾಲುವೆಯಲ್ಲಿ ಏಡಿ ಹಿಡಿದು, ಅಪ್ಪನ ಕೈಲಿ ಒದೆ ತಿಂದು ಬೆಳೆದವನು. ಸಾಲದ್ದಕ್ಕೆ ಯಳಂದೂರಿನ ಕಡೆಯ ಮಕ್ಕಳಿಗೆ ನೀರು ತಗ್ಗಿಗೆ ಹರಿಯುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದ ಪ್ರೈಮರಿ ಶಾಲೆ ಮೇಷ್ಟ್ರು. ಆದರೆ ನಕ್ಷೆಯಲ್ಲಿ ಕಾಲುವೆ ಇರಲಿಲ್ಲ ನೋಡಿ! ಕಣ್ಣಾರೆ ಕಂಡದ್ದನ್ನು ಬಿಟ್ಟು ಕಾಗದವನ್ನು ನಂಬಿದೆ. ಓದಿದವರ ಹಣೆಬರಹ.

ಊರಿನ ಬಾಯಿ ಮಾತ್ರ ನಕ್ಷೆಯನ್ನು ಒಪ್ಪಿಲ್ಲ. ಬಟ್ಟೆ ಒಗೆಯುವ ಕಲ್ಲುಗಳಿದ್ದ ಕಡೆ ಕಲ್ಯಾಣ ಮಂಟಪ ಎದ್ದಿದೆ. ಮದುವೆಗೆ ಕರೆಯುವವರು ಈಗಲೂ "ಒಗೆಯೋ ಕಲ್ತಾವ ಊಟ, ಬಂದ್ಬುಡಿ" ಎನ್ನುತ್ತಾರೆ. ಆಟೋದವನಿಗೆ "ಬಾವಿತಾವ ಇಳ್ಸಪ್ಪ" ಎಂದರೆ ಮೊಬೈಲ್ ಅಂಗಡಿ ಮುಂದೆ ಇಳಿಸುತ್ತಾನೆ. ನಾನು ಗ್ರಾನೈಟಿನಲ್ಲಿ 'ಶಾಂತಿ ನಿಲಯ' ಎಂದು ಕೆತ್ತಿಸಿ ಹಾಕಿದ್ದರೂ ಊರಿಗೆಲ್ಲ ಇದು ಕೋಡಿ ಮೇಷ್ಟ್ರ ಮನೆ. ಆ ಮಾತನ್ನೇ ನೋಡಿ: ಕೆರೆ ತುಂಬಿ ಹರಿದರೂ ಕೋಡಿ, ಕಣ್ಣೀರು ಹರಿದರೂ ಕೋಡಿ. ಇದನ್ನು ಮಕ್ಕಳಿಗೆ ಎಷ್ಟು ರಸವತ್ತಾಗಿ ವಿವರಿಸುತ್ತಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಮಾದಯ್ಯ ಎಂಬ ಹಿರಿಯರಿದ್ದಾರೆ. ಊರಿನ ಹಳೆಯ ನೀರುಗಂಟಿ. ಗದ್ದೆಗದ್ದೆಗೆ ಸರದಿಯ ಮೇಲೆ ನೀರು ಬಿಡುತ್ತಿದ್ದವರು. ದಿನಾ ಬೆಳಿಗ್ಗೆ ಹಾಲಿನ ಡೇರಿಗೆ ಹೋಗುವಾಗ ನನ್ನ ಗೇಟಿನ ಹತ್ತಿರ ಪಂಚೆಯನ್ನು ಮೊಣಕಾಲಿಗೆ ಎತ್ತಿ, ಒಣ ಸಿಮೆಂಟು ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದು, ಮತ್ತೆ ಇಳಿಸುತ್ತಾರೆ. ಕಾಲುವೆ ದಾಟುವ ಅಭ್ಯಾಸ. ಇಷ್ಟು ದಿನ ನೋಡಿ ನಗುತ್ತಿದ್ದೆ. ಮೊನ್ನೆ ನಗು ಬರಲಿಲ್ಲ, ಭಯವಾಯಿತು. ಒಳಗೆ ಕರೆದೆ.

"ಮಾದಣ್ಣ, ಕೋಡಿ ಬಿದ್ರೆ ನಮ್ಮ ಮನೆ ಗತಿ ಏನು?"

ಅವರು ಕಾಂಪೌಂಡಿನ ಉದ್ದಕ್ಕೂ ಕಣ್ಣಾಡಿಸಿದರು. "ನೀರ್ಗೆ ನಿಮ್ ಮ್ಯಾಲೇನ್ ಕ್ವಾಪ ಸಾ? ಅದ್ಕೆ ದಾರಿ ಬೇಕು, ಅಷ್ಟೇಯ. ಮ್ಯಾಲ್ಗಡೆ ಗ್ವಾಡೇಲೊಂದು, ಕೆಳಗಡೆ ಗ್ವಾಡೇಲೊಂದು ಕಂಡಿ ಒಡ್ಸಿ. ಅಂಗಳದಲ್ಲಿ ಅರ್ಕಂಡು ಓಯ್ತದೆ. ತಡುದ್ರೆ ಮನೆ ಒಳಕ್ಕೇ ಬತ್ತದೆ."

ಎರಡು ದಿನ ಮೀನಮೇಷ ಎಣಿಸಿ ಕೊನೆಗೆ ಒಡೆಸಿದೆ. ಸ್ವಂತ ಗೋಡೆಗೆ ಹಾರೆ ಬೀಳುವುದನ್ನು ನೋಡುವ ಗತಿ ಯಾರಿಗೂ ಬೇಡ. ಈಗ ಅಂಗಳದಲ್ಲಿ ನಿಂತರೆ ಒಂದು ಕಂಡಿಯಲ್ಲಿ ಕೆರೆ ಏರಿ, ಇನ್ನೊಂದರಲ್ಲಿ ಯಾರದೋ ಕಬ್ಬಿನ ಗದ್ದೆ ಕಾಣುತ್ತದೆ. ನಾಯಿಗಳು ಆಗಲೇ ಓಡಾಡತೊಡಗಿವೆ.

ಇಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಹೆಂಡತಿ ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ರವಿಕೆ ಕಣ ಜೋಡಿಸಿ ಮೇಲಿನ ಕಂಡಿಯ ಪಕ್ಕ ಇಟ್ಟಿದ್ದಾಳೆ. ಕೊಳ್ಳೇಗಾಲದ ಮಗ್ಗದ ಮನೆಯವಳು. ರೇಷ್ಮೆ ಕಣವನ್ನೇ ತೆಗೆದಿದ್ದಾಳೆ.

"ಹೆಂಗಸರೆಲ್ಲ ಕೆರೆಗೇ ಹೋಗಿ ಬಾಗಿನ ಕೊಡ್ತಾರಂತಲ್ಲ, ನೀನು ಹೋಗಲ್ವಾ?" ಎಂದೆ.

"ಗಂಗಮ್ಮ ನಮ್ಮನೆಗೇ ಬರ್ತಾವ್ಳಲ್ಲ. ಅಷ್ಟು ದೂರ ಯಾಕೆ ನಡೀಬೇಕು?"

ಗಂಗಮ್ಮನ ದಾರಿಯಲ್ಲಿ ಮನೆ ಕಟ್ಟಿಕೊಂಡು ಅವಳು ಬಾರದಿರಲಿ ಎಂದು ಹರಕೆ ಹೊತ್ತವನು ಊರಿಗೆಲ್ಲ ನಾನೊಬ್ಬನೇ ಎನ್ನಿಸಿತು. ಬಿಳಿಗಿರಿ ಬೆಟ್ಟದ ಕಡೆ ಗುಡುಗು ಕೇಳಿಸಿತು. "ಬರಲಿ ಬಿಡು" ಎಂದೆ. ಬಾಯಿ ಬಿಟ್ಟು, ಗಟ್ಟಿಯಾಗಿ, ಮನಸ್ಸಿನಿಂದಲೇ ಎಂದೆ. ಎಂದವನೇ ಒಳಗೆ ಹೋಗಿ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸಿದೆ.