ಗಾಳಿಯಿಲ್ಲದ ದಿನದ ಅಲೆ

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮರುವರ್ಷ ನಾನು ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕನಾಗಿ ಬಂಟ್ವಾಳದಲ್ಲಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಶಿರ್ತಾಡಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕೆರೆಗಳಿಗೆ ಮೀನುಮರಿ ಬಿಡುವುದು, ನದಿಯಲ್ಲಿ ಸ್ಫೋಟಕ ಹಾಕಿ ಮೀನು ಹಿಡಿಯುವವರನ್ನು ತಡೆಯುವುದು, ಅರ್ಜಿಗಳ ವಿಲೇವಾರಿ, ಇಷ್ಟು ನನ್ನ ಕೆಲಸ. ನಮ್ಮದು ಜೈನ ಮನೆತನ. ಮೀನು ತಿನ್ನದವನು ಮೀನಿನ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದದ್ದು ಹೇಗೆಂದು ಕೇಳದವರಿಲ್ಲ. ಕೆಲಸ ಸಿಕ್ಕಿತು, ಸೇರಿದೆ ಎನ್ನುವುದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿ ಎಂದೂ ಇರಲಿಲ್ಲ.

ಆ ವರ್ಷ ಕರಾವಳಿಯ ಒಂದು ಸಣ್ಣ ಪಟ್ಟಣದವರು ಹವ್ಯಾಸಿ ಗಾಳಗಾರರಿಗಾಗಿ ಕೆಲವು ತಿಂಗಳ ಮೀನು ಹಿಡಿಯುವ ಋತುವೊಂದನ್ನು ನಡೆಸಲು ಮುಂದಾದರು. ಪಟ್ಟಣದ ಹೆಸರು ಇಲ್ಲಿ ಬೇಡ. ನದಿ ಸಮುದ್ರ ಸೇರುವಲ್ಲಿ ಕಡಲಿನೊಳಗೆ ಚಾಚಿದ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ದಂಡೆ, ಅಲ್ಲಿತ್ತು. ಮಳೆಗಾಲ ಕಳೆದ ಮೇಲೆ ಅದರ ಬುಡಕ್ಕೆ ಮುರು, ಕೆಂಬೇರಿ ಮೀನುಗಳು ಬರುತ್ತವೆ. ರಜಾದಿನಗಳಲ್ಲಿ ಗಾಳದ ರಾಡು ಹಿಡಿದು ಅಲ್ಲಿಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು. ಈ ಕಾರಣಕ್ಕೆ ಯೋಜನೆ ಬರೆಯುವ ಹೊಣೆ ನನ್ನ ಮೇಲೆ ಬಿತ್ತು.

ಗಾಳಗಾರರ ಕೂಟಕ್ಕೆ ವಾಮದಪದವಿನ ಸದಾನಂದ ಶೆಟ್ಟರು ಮುಂದಾಳು. ಹದಿನೆಂಟು ವರ್ಷ ಗಲ್ಫಿನಲ್ಲಿದ್ದು ಬಂದು ಊರಲ್ಲಿ ಹೋಟೆಲು ಹಾಕಿದ್ದರು. ಮೊದಲ ಸಭೆ ಅವರ ಹೋಟೆಲಿನ ಮಾಳಿಗೆಯಲ್ಲಿಯೇ ನಡೆಯಿತು. ಶೆಟ್ಟರ ಬೇಡಿಕೆ ನೇರವಾಗಿತ್ತು. "ಸರ್, ಅಲ್ಲಿ ದುಬೈಯಲ್ಲಿ ಇದಕ್ಕೆ ಲೈಸೆನ್ಸು ಉಂಟು, ನಿಯಮ ಉಂಟು, ಯಾರೂ ಓಡಿಸುವುದಿಲ್ಲ. ಇಲ್ಲಿ ನಾವು ಕಳ್ಳರ ಹಾಗೆ ಹೋಗಿ ಬರ್ತೇವೆ. ಒಂದು ಕ್ರಮ ಮಾಡಿ ಕೊಡಿ."

ನಾನು ಕ್ರಮ ಮಾಡಿದೆ. ಉಬ್ಬರವಿಳಿತದ ಪಟ್ಟಿ ತರಿಸಿ ಯಾವ ದಿನ ಯಾವ ಹೊತ್ತಿಗೆ ನೀರು ಏರುತ್ತದೆ, ಇಳಿಯುತ್ತದೆ ಎಂದು ಗುರುತು ಹಾಕಿದೆ. ಒಬ್ಬರಿಗೆ ಒಂದೇ ರಾಡು, ಮೊಟ್ಟೆ ತುಂಬಿದ ಮೀನನ್ನು ಮರಳಿ ನೀರಿಗೆ ಬಿಡಬೇಕು, ಎಲ್ಲರಿಗೂ ಲೈಫ್ ಜಾಕೆಟ್ ಕಡ್ಡಾಯ, ಮಳೆ ಅಥವಾ ಜೋರು ಗಾಳಿಯ ಎಚ್ಚರಿಕೆ ಇದ್ದ ದಿನ ಪ್ರವೇಶವಿಲ್ಲ. ಹದಿನಾಲ್ಕು ಪುಟದ ಆ ಕರಡು ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ನನಗೂ ಹಾಗೆಯೇ ಅನ್ನಿಸಿತ್ತು.

ಸ್ಥಳ ಪರಿಶೀಲನೆಗೆ ಹೋದ ದಿನ ಲೀಲಕ್ಕನ ಪರಿಚಯವಾಯಿತು. ದಂಡೆಯ ಹೊರಮೈಗೆ ಟೆಟ್ರಾಪಾಡ್ ಜೋಡಿಸಿರುತ್ತಾರೆ. ಇವು ಆಳೆತ್ತರದ, ನಾಲ್ಕು ಕಾಲಿನ ಕಾಂಕ್ರೀಟು ದಿಮ್ಮಿಗಳು. ಒಂದಕ್ಕೊಂದು ಸಿಕ್ಕಿಸಿ ಇಟ್ಟಿರುವುದರಿಂದ ನಡುವೆ ಮನುಷ್ಯ ಇಳಿಯುವಷ್ಟು ಸಂದುಗಳಿರುತ್ತವೆ. ಆ ಸಂದುಗಳಲ್ಲಿ ಕಲ್ಲಿಗೆ ಅಂಟಿ ಬೆಳೆಯುವ ಪಚ್ಚಿಲೆ ಎಂಬ ಹಸಿರು ಚಿಪ್ಪುಮೀನನ್ನು ಉಳಿಯಿಂದ ಎಬ್ಬಿಸಿ ತೆಗೆಯುವ ಏಳು ಮಂದಿ ಹೆಂಗಸರಿದ್ದರು. ಲೀಲಕ್ಕ ಅವರಲ್ಲಿ ಹಿರಿಯರು, ಐವತ್ತೈದು ದಾಟಿದವರು. ಸೊಂಟಕ್ಕೆ ಹಗ್ಗ ಸುತ್ತಿ, ಸೀರೆ ಎತ್ತಿ ಕಟ್ಟಿ, ಸಂದಿನಿಂದ ಮೇಲೆ ಬಂದು ನನ್ನ ಕೈಯ ಕಾಗದ ನೋಡಿದರು.

"ನೀವು ಮೀನು ತಿನ್ನುವುದಿಲ್ಲವಂತೆ?" ಎಂದು ತುಳುವಿನಲ್ಲಿ ಕೇಳಿದರು.

"ಇಲ್ಲ."

"ಮತ್ತೆ ಇಲ್ಲಿಗೆ ಯಾಕೆ ಬಂದದ್ದು?"

"ಸರಕಾರ ಕಳುಹಿಸಿತು."

ಅವರು ನಕ್ಕರು. ನಂತರ ತಮ್ಮ ಅಂಗೈ ಚಾಚಿದರು. ಕಲ್ಲಿಗೆ ಸಿಕ್ಕಿ ತುಂಡಾದ ಗಾಳದ ದಾರ ಕೊಯ್ದ ಗೆರೆಗಳು ಅಂಗೈ ತುಂಬ ಇದ್ದವು. "ಬರುವವರು ಬರಲಿ. ಬಿಟ್ಟು ಹೋಗುವ ದಾರ ತೆಗೆದುಕೊಂಡು ಹೋಗಲಿ" ಎಂದರು. ತುಂಡಾದ ದಾರವನ್ನು ಹೆಕ್ಕಿಕೊಂಡೇ ಹೋಗಬೇಕು ಎಂಬ ನಿಯಮ ಸೇರಿಸಿದೆ. ಕಡಲಿನ ಬಗ್ಗೆ ಅವರನ್ನು ಬೇರೇನಾದರೂ ಕೇಳಬಹುದು ಎಂದು ನನಗೆ ಹೊಳೆಯಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಪ್ರಾಯೋಗಿಕ ದಿನ. ನಲವತ್ತೆರಡು ಮಂದಿ ಎರಡು ಬಸ್ಸುಗಳಲ್ಲಿ ಬಂದಿದ್ದರು. ಆಕಾಶ ತೊಳೆದಿಟ್ಟ ಹಾಗಿತ್ತು, ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಹವಾಮಾನದವರಿಂದ ಮಳೆಯದಾಗಲಿ ಗಾಳಿಯದಾಗಲಿ ಎಚ್ಚರಿಕೆ ಬಂದಿರಲಿಲ್ಲ. ಎಂಟೂವರೆಗೆ ಎಲ್ಲರೂ ಜಾಕೆಟ್ ಹಾಕಿ ಸಾಲು ನಿಂತಾಗ ಲೀಲಕ್ಕ ನನ್ನ ಹತ್ತಿರ ಬಂದರು. ಅವರ ಜೊತೆಯವರು ಆಗಲೇ ಸಂದುಗಳಿಂದ ಮೇಲೆ ಬಂದು ಬುಟ್ಟಿಗಳ ಪಕ್ಕ ಕುಳಿತಿದ್ದರು.

"ಸರ್, ಇವತ್ತು ಇವರನ್ನು ಇಳಿಸುವುದು ಬೇಡ."

"ಯಾಕೆ? ಗಾಳಿಯೇ ಇಲ್ಲವಲ್ಲ."

"ಅದನ್ನೇ ನಾನು ಹೇಳುವುದು. ಗಾಳಿ ಇಲ್ಲದೆ ನೀರು ಇಷ್ಟು ಹಿಂದೆ ಹೋಗ್ತಾ ಉಂಟು. ಆ ಮೂಲೆಯ ದಿಮ್ಮಿಯ ಬುಡ ಈ ಹೊತ್ತಿಗೆ ಕಾಣಬಾರದು. ನಾವು ಹತ್ತಿ ಬಂದೆವು, ನೋಡಿ."

ನಾನು ಉಬ್ಬರವಿಳಿತದ ಪಟ್ಟಿ ತೆಗೆದೆ. ಅದರ ಪ್ರಕಾರ ನೀರು ಏರುವ ಹೊತ್ತು. ಶೆಟ್ಟರು ಬಂದು, "ಎಂತ ಸರ್? ಬೆಳ್ತಂಗಡಿಯಿಂದ ನಸುಕಿಗೇ ಎದ್ದು ಬಂದವರಿದ್ದಾರೆ ಮಾರಾಯ್ರೆ" ಎಂದರು. ನಾನು ಕೈಗಡಿಯಾರ ನೋಡಿದೆ. ಹತ್ತು ನಿಮಿಷ ಕಾದು ನೋಡುವ ಎಂದೆ. ಹಾಗೆ ಹೇಳಿದೆನೇ ಹೊರತು, ದಂಡೆಯ ಬಾಯಿಯಲ್ಲಿ ನಿಂತಿದ್ದವರನ್ನು ತಡೆಯಲು ಯಾರಿಗೂ ಸೂಚಿಸಲಿಲ್ಲ. ಐದಾರು ಮಂದಿ ಆಗಲೇ ಮುಂದೆ ಹೋಗಿದ್ದರು.

ಅವರಲ್ಲಿ ಒಬ್ಬರು ನೆರಿಯದ ಜೀಪು ಚಾಲಕ ವಸಂತ ಗೌಡರು. ಘಟ್ಟದ ಹೊಳೆಗಳಲ್ಲಿ ಗಾಳ ಹಾಕಿ ಪಳಗಿದವರು, ಕಡಲಿಗೆ ಗಾಳ ಹಾಕುವುದು ಅದೇ ಮೊದಲು. ಹೊಳೆಯ ಬಂಡೆಯ ಮೇಲೆ ನಿಂತ ಅಭ್ಯಾಸದಲ್ಲಿ ಟೆಟ್ರಾಪಾಡ್ ಒಂದರ ಮೇಲೆ ಇಳಿದು ನಿಂತಿದ್ದರು.

ಆ ಹತ್ತು ನಿಮಿಷ ತುಂಬುವಷ್ಟರಲ್ಲಿ ಬಂದದ್ದು ಒಂದೇ ದೊಡ್ಡ ಅಲೆ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆಸಾಲು ದಿನಗಟ್ಟಲೆ ಸಾಗಿ ಬೇರೆಲ್ಲೋ ತಲಪುತ್ತದೆ. ಇದಕ್ಕೆ ಸ್ವೆಲ್ ಎನ್ನುತ್ತಾರೆ. ತಲಪಿದ ಜಾಗದಲ್ಲಿ ಗಾಳಿ ಇರಬೇಕೆಂದಿಲ್ಲ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆಗ ಕಂಡದ್ದು ಇಷ್ಟೇ: ನೀರು ದಂಡೆಯ ಎತ್ತರಕ್ಕೆ ಎದ್ದು ಇಳಿಯಿತು, ವಸಂತ ಗೌಡರು ನಿಂತಿದ್ದ ಜಾಗ ಖಾಲಿಯಾಗಿತ್ತು.

ಕಾವಲಿಗಿದ್ದ ಇಬ್ಬರು ಲೈಫ್‌ಬಾಯ್ ಎಂಬ ತೇಲುಬಳೆ ಹಿಡಿದು ದಂಡೆಯ ತುದಿಗೆ ಓಡಿದರು. ಎಲ್ಲರ ಕಣ್ಣೂ ಕಡಲಿನ ಮೇಲಿತ್ತು. ಲೀಲಕ್ಕ ಮಾತ್ರ ಅತ್ತ ನೋಡಲಿಲ್ಲ. "ಹೊರಗೆ ಹೋಗಲಿಲ್ಲ, ಒಳಗೆ ಎಳೆಯಿತು" ಎಂದು ಹೇಳುತ್ತಲೇ ಸೊಂಟದ ಹಗ್ಗದ ಒಂದು ತುದಿಯನ್ನು ಶೆಟ್ಟರ ಕೈಗೆ ಕೊಟ್ಟರು. "ಬಿಡಬೇಡಿ" ಎಂದಷ್ಟೇ ಹೇಳಿ, ಗೌಡರು ಬಿದ್ದಲ್ಲಿಂದ ಎರಡು ದಿಮ್ಮಿ ಆಚೆಯ ಸಂದಿಗೆ ಇಳಿದರು.

ಗೌಡರು ಅಲ್ಲೇ ಇದ್ದರು. ಎದೆಯಲ್ಲಿದ್ದ ಜಾಕೆಟ್ ಅವರನ್ನು ತೇಲಿಸಿ ತೇಲಿಸಿ ದಿಮ್ಮಿಯ ಅಡಿಗೆ ಒತ್ತಿ ಹಿಡಿದಿತ್ತು. ತೆರೆದ ನೀರಿನಲ್ಲಾದರೆ ಜೀವ ಉಳಿಸುವ ವಸ್ತು ಅದು. ಸಂದಿನೊಳಗೆ, ಪ್ರತಿ ಅಲೆಗೂ ತಲೆಯನ್ನು ಕಾಂಕ್ರೀಟಿಗೆ ಅಪ್ಪಳಿಸುತ್ತಿತ್ತು. ಒಂದು ಅಲೆ ಇಳಿದು ಇನ್ನೊಂದು ಬರುವ ನಡುವೆ ಲೀಲಕ್ಕ ಪಚ್ಚಿಲೆಯ ಉಳಿಯಿಂದ ಜಾಕೆಟಿನ ಪಟ್ಟಿ ಕೊಯ್ದು ಗೌಡರನ್ನು ತಬ್ಬಿ ಹಿಡಿದರು. ಶೆಟ್ಟರೂ ಆರು ಮಂದಿ ಹೆಂಗಸರೂ ಹಗ್ಗ ಎಳೆದರು. ನಾನೂ ಎಳೆದೆ. ಇಬ್ಬರೂ ಮೇಲೆ ಬಂದಾಗ ಗೌಡರ ಬಲಗಾಲು ಮುರಿದಿತ್ತು, ತಲೆಯಿಂದ ರಕ್ತ ಹರಿಯುತ್ತಿತ್ತು. ಉಸಿರಿತ್ತು.

ಉಳಿದವರು ಬಸ್ಸು ಹತ್ತಿದರು. ಶೆಟ್ಟರ ಅಂಗೈಯ ಚರ್ಮ ಹಗ್ಗಕ್ಕೆ ಸುಲಿದುಹೋಗಿತ್ತು. ಅವರು ಆ ಹಗ್ಗವನ್ನು ಸುತ್ತಿ ಲೀಲಕ್ಕನ ಬುಟ್ಟಿಯ ಪಕ್ಕ ಇಟ್ಟರು.

ಎರಡು ದಿನ ಬಿಟ್ಟು ನಾನು ವರದಿ ಬರೆಯಬೇಕಾಯಿತು. ಹಿರಿಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹಿತವಚನ ಹೇಳಿದರು. "ಅನುಮತಿ ಇಲ್ಲದೆ ಟೆಟ್ರಾಪಾಡಿಗೆ ಇಳಿದ ಅಂತ ಬರೆದು ಬಿಡಿ. ಸುಳ್ಳಲ್ಲವಲ್ಲ. ಇಷ್ಟು ವರ್ಷ ಸರ್ವಿಸ್ ಮಾಡಿದ್ದೀರಿ, ಈಗ ಎಂತಕ್ಕೆ?" ಸುಳ್ಳಲ್ಲ ಎಂಬುದು ನಿಜ. ಅಪಾಯ ಇದ್ದದ್ದೂ ಅಲ್ಲಿಯೇ: ಅಷ್ಟೇ ಬರೆದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ನಾನು ಆ ಸಂಜೆ ಆಸ್ಪತ್ರೆಗೆ ಹೋದೆ. ಗೌಡರು ಎಚ್ಚರವಾಗಿದ್ದರು. "ತಪ್ಪು ನನ್ನದೇ ಸರ್. ಹೊಳೆ ಅಂತ ಅಂದುಕೊಂಡೆ" ಎಂದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಮರುದಿನ ವರದಿಯಲ್ಲಿ ಬರೆದೆ: ಘಟನೆಗೆ ಹತ್ತು ನಿಮಿಷ ಮೊದಲು ನನಗೆ ಸ್ಪಷ್ಟ ಎಚ್ಚರಿಕೆ ಸಿಕ್ಕಿತ್ತು, ನಾನು ಪ್ರವೇಶವನ್ನು ತಡೆಯಲಿಲ್ಲ, ನನ್ನ ಯೋಜನೆಯಲ್ಲಿ ಗಾಳಿಯಿಲ್ಲದ ದಿನದ ಅಲೆಗೆ ಜಾಗವೇ ಇರಲಿಲ್ಲ. ವಿವರಣೆ ಕೇಳಿ ನೋಟಿಸು ಬಂತು. ಅದಕ್ಕೂ ಇದನ್ನೇ ಬರೆದೆ. ಎಚ್ಚರಿಕೆಯ ಪತ್ರವೊಂದು ಸೇವಾ ಪುಸ್ತಕ ಸೇರಿತು.

ಹೊಸ ಕರಡನ್ನು ದಂಡೆಯ ಮೇಲೆ ಕುಳಿತು ಬರೆದೆವು. ನಾನು ಓದುತ್ತಿದ್ದೆ, ಲೀಲಕ್ಕ ಮತ್ತು ಜೊತೆಯವರು ತಿದ್ದುತ್ತಿದ್ದರು. ಹದಿನಾಲ್ಕು ಪುಟ ಐದಕ್ಕೆ ಇಳಿಯಿತು. ಗಾಳ ಹಾಕುವುದು ದಂಡೆಯ ಮೇಲಿನ ಸಮತಟ್ಟು ದಾರಿಯಿಂದ ಮಾತ್ರ, ಟೆಟ್ರಾಪಾಡಿನ ಮೇಲೆ ಕಾಲಿಡುವಂತಿಲ್ಲ. ಪಚ್ಚಿಲೆಯವರು ಇಳಿಯದ ದಿನ ದಂಡೆಯ ಬಾಯಿಯ ಗೇಟು ತೆರೆಯುವಂತಿಲ್ಲ. ಈ ಕೊನೆಯ ಸಾಲಿಗೆ ಸಭೆಯಲ್ಲಿ ಆಕ್ಷೇಪ ಬಂತು. ಸರಕಾರಿ ಯೋಜನೆ ನಾಲ್ಕು ಹೆಂಗಸರ ಮನಸ್ಸಿನ ಮೇಲೆ ನಡೆಯಬೇಕೇ ಎಂದು ಒಬ್ಬರು ಕೇಳಿದರು. ಉತ್ತರ ಕೊಟ್ಟದ್ದು ಸದಾನಂದ ಶೆಟ್ಟರು. "ನಾಲ್ಕಲ್ಲ, ಏಳು ಮಂದಿ. ಆ ಸಾಲು ತೆಗೆದರೆ ನಮ್ಮ ಕೂಟದಿಂದ ಒಬ್ಬನೂ ಬರುವುದಿಲ್ಲ." ಸಾಲು ಉಳಿಯಿತು. ಋತು ಡಿಸೆಂಬರಿನಲ್ಲಿ ಆರಂಭವಾಯಿತು. ಆ ಋತುವಿನಲ್ಲಿ ಆರು ದಿನ ಗೇಟು ತೆರೆಯಲಿಲ್ಲ. ಅದರಲ್ಲಿ ನಾಲ್ಕು ದಿನ ನನ್ನ ಕಣ್ಣಿಗೆ ಕಡಲು ಶಾಂತವಾಗಿಯೇ ಕಂಡಿತ್ತು. ನಾನು ಕಾರಣ ಕೇಳಲಿಲ್ಲ.

ನಿವೃತ್ತನಾದ ಮೇಲೆ ಕಿರಿಯ ಅಧಿಕಾರಿಗಳು ಸಿಕ್ಕಿದಾಗ ಈ ಪ್ರಕರಣದ ಬಗ್ಗೆ ಕೇಳುತ್ತಾರೆ. ಸ್ವೆಲ್ ಗೊತ್ತಿರಲಿಲ್ಲ ಎಂಬುದು ನನ್ನ ಅಜ್ಞಾನ, ಅದನ್ನು ಓದಿ ತುಂಬಿಸಿಕೊಳ್ಳಬಹುದಿತ್ತು. ಹೇಳಲು ಕಷ್ಟವಾಗುವುದು ಇನ್ನೊಂದು. ಆ ಬೆಳಿಗ್ಗೆ ಅದೇ ಮಾತನ್ನು ಬಂದರಿನ ಎಂಜಿನಿಯರೊಬ್ಬರು ಹೇಳಿದ್ದರೆ ನಾನು ತಕ್ಷಣ ಎಲ್ಲರನ್ನೂ ಹಿಂದಕ್ಕೆ ಕರೆಯುತ್ತಿದ್ದೆ. ಹೇಳಿದ್ದು ಬುಟ್ಟಿ ಹಿಡಿದ ಹೆಂಗಸು, ಹಾಗಾಗಿ ನಾನು ಗಡಿಯಾರ ನೋಡಿದೆ. ವಸಂತ ಗೌಡರ ಕಾಲು ಮುರಿದದ್ದು ಆ ಹತ್ತು ನಿಮಿಷದಲ್ಲಿ.